ಬಿಲ್ಲು ಕಟ್ಟಿದ ಮೇಲೂ ಉಳಿದ ಪ್ರಶ್ನೆ: ಮಣ್ಣಿನ ಫಿಲ್ಟರ್



ನಮ್ಮ ಸಂಘದ ವೈದ್ಯಕೀಯ ನೆರವು ಸಮಿತಿಗೆ ಬರುವ ಅರ್ಜಿಗಳನ್ನು ಓದುವ ಕೆಲಸ ನನ್ನದು. ಕಳೆದ ಮಳೆಗಾಲದಲ್ಲಿ ಟೈಫಾಯಿಡ್ ಆದ ಹುಡುಗನೊಬ್ಬನ ಆಸ್ಪತ್ರೆ ಬಿಲ್ಲಿಗೆ ನಿಮ್ಮ ದೇಣಿಗೆಯಿಂದ ನೆರವಾದೆವು. ಅವನು ಗುಣವಾದ ಮೇಲೆ ಮನೆಗೆ ಹೋಗಿ ನೋಡಿದರೆ, ಬಾಗಿಲ ಬಳಿ ಅದೇ ಹಳೆಯ ನೀರಿನ ಡ್ರಮ್ಮು. “ಕುದಿಸಿ ಕುಡಸ್ರಿ ಅಂತಾರ ಡಾಕ್ಟರು. ಗ್ಯಾಸು ತಿಂಗಳತನಕ ಬರಬೇಕಲ್ರಿ, ಕಾಕಾ” ಎಂದಳು ತಾಯಿ. ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಮಣ್ಣಿನ ಫಿಲ್ಟರಿನ ಬಗ್ಗೆ ಓದತೊಡಗಿದೆ.

ತತ್ವ ಸರಳ. ಜೇಡಿಮಣ್ಣಿಗೆ ಮರದ ಹೊಟ್ಟು ಅಥವಾ ಭತ್ತದ ಉಮಿಯ ಪುಡಿ ಕಲಸಿ, ಕುಂಡದಂತೆ ಅಚ್ಚು ಹಾಕಿ, ಒಣಗಿಸಿ, ಸುಮಾರು 850–900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ. ಹೊಟ್ಟು ಉರಿದುಹೋಗಿ, ಅದಿದ್ದಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ಅಂಕುಡೊಂಕಾದ ಈ ದಾರಿಯಲ್ಲಿ ನೀರು ಇಳಿಯುತ್ತದೆ. ಕೆಸರು ಮತ್ತು ಹೆಚ್ಚಿನ ಬ್ಯಾಕ್ಟೀರಿಯಾ ಸಿಕ್ಕಿಬೀಳುತ್ತವೆ. ಗಂಟೆಗೆ ಒಂದೆರಡು ಲೀಟರ್ ನೀರು ಸಿಗುತ್ತದೆ. ವಿದ್ಯುತ್ ಬೇಡ.

ಗ್ವಾಟೆಮಾಲಾದ ಫರ್ನಾಂಡೊ ಮಸಾರಿಯೆಗೋಸ್ 1981ರಲ್ಲಿ ಇಂಥ ಕುಂಡವನ್ನು ರೂಪಿಸಿ, ಬ್ಯಾಕ್ಟೀರಿಯಾ ಕೊಲ್ಲಲು ಬೆಳ್ಳಿಯ ಲೇಪವನ್ನೂ ಕೊಟ್ಟರು. ನಮ್ಮ ದೇಶದಲ್ಲಿ ಭುವನೇಶ್ವರದ ಸಿ.ಎಸ್.ಐ.ಆರ್. ಪ್ರಯೋಗಾಲಯವು ಕೆಂಪು ಮಣ್ಣು, ನದಿ ಮರಳು, ಮರದ ಹೊಟ್ಟು ಸೇರಿಸಿ ಸುಟ್ಟ ‘ಟೆರಾಫಿಲ್’ ಬಿಲ್ಲೆಯನ್ನು ತಯಾರಿಸಿದೆ. ಕುಂಬಾರರ ಕೈಗೆ ಎಟಕುವ ವಿದ್ಯೆ ಇದು.

ಆದರೆ ಇದರ ಮಿತಿಯನ್ನೂ ಹೇಳಬೇಕು. ಟೈಫಾಯಿಡ್ ಬ್ಯಾಕ್ಟೀರಿಯಾ ಸುಮಾರು 2ರಿಂದ 5 ಮೈಕ್ರಾನ್ ಉದ್ದ. ಕಾಮಾಲೆ ತರುವ ಹೆಪಟೈಟಿಸ್ ‘ಎ’ ವೈರಸ್ ಅದರ ಸುಮಾರು ನೂರನೇ ಒಂದು ಪಾಲಿನಷ್ಟೇ, ನುಸುಳಿಬಿಡಬಹುದು. ಕಾಮಾಲೆ ಹಬ್ಬಿದಾಗ ಸೋಸಿದ ನೀರನ್ನೂ ಕುದಿಸಲೇಬೇಕು. ಫ್ಲೋರೈಡ್, ಉಪ್ಪಿನಂಶ ಇದರಿಂದ ಹೋಗುವುದಿಲ್ಲ. ಬಿರುಕು ಬಿಟ್ಟ ಫಿಲ್ಟರನ್ನು ಬಳಸಬಾರದು. ನೀರು ನಿಧಾನವಾದರೆ ಸೋಪು ಹಚ್ಚದೆ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿದರೆ ಸಾಕು. ಸೋಸಿದ ನೀರನ್ನು ಮುಚ್ಚಳವಿರುವ, ನಲ್ಲಿಯಿರುವ ಪಾತ್ರೆಯಲ್ಲೇ ಇಡಬೇಕು. ಲೋಟ ಅದ್ದಿದರೆ ಸೋಸಿದ್ದೆಲ್ಲ ವ್ಯರ್ಥ.

ಬಂಧುಗಳೇ, ಆಸ್ಪತ್ರೆಯ ಬಿಲ್ಲುಗಳಿಗೆ ನಿಮ್ಮ ನೆರವು ಎಂದಿನಂತೆ ಬೇಕು. ಅದರ ಜೊತೆಗೆ, ನೀರಿನಿಂದ ಬಂದ ಕಾಯಿಲೆಗೆ ನೆರವು ಪಡೆದ ಪ್ರತಿ ಮನೆಗೂ ಒಂದು ಫಿಲ್ಟರ್ ಕೊಡಬೇಕೆಂಬುದು ನನ್ನ ಕೋರಿಕೆ. ದೇಣಿಗೆ ಕಳಿಸುವಾಗ ‘ಫಿಲ್ಟರಿಗಾಗಿ’ ಎಂದು ಬರೆಯಿರಿ. ಮೊದಲನೆಯದನ್ನು ನಾನೇ ಆ ಹುಡುಗನ ಮನೆಗೆ ಒಯ್ಯುತ್ತೇನೆ.