ಹೊಸ ದೋಣಿ, ಹಳೆ ದೋಣಿ: ಯಾವುದು ಯಾವುದು?

ಅರವಂಕಾಡು ಸ್ಟೇಷನ್ನಿನಲ್ಲಿ ನಿಂತರೆ ನಿಮಗೆ ಸಾಮಾನ್ಯವಾಗಿ ಕಾಣೋದು ಡೀಸೆಲ್ ಇಂಜಿನ್. ಉಗಿ ಇಂಜಿನ್ ಮೇಟ್ಟುಪಾಳ್ಯದಿಂದ ಹಲ್ಲುಹಳಿ ಹಿಡಿದು ಹತ್ತಿ ಬಂದು ಕೂನೂರಿನಲ್ಲೇ ನಿಂತುಬಿಡುತ್ತೆ. ಆ ಉಗಿ ಇಂಜಿನ್‌ಗಳಲ್ಲಿ ಕೆಲವು ಸ್ವಿಟ್ಜರ್ಲೆಂಡಿನಲ್ಲಿ ತಯಾರಾದ ಹಳೆಯವು. ಇನ್ನು ಕೆಲವು 2011ರಿಂದ ಈಚೆಗೆ ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಖಾನೆಯಲ್ಲಿ ಹಳೆಯ ಮಾದರಿಯನ್ನೇ ಇಟ್ಟುಕೊಂಡು ಮಾಡಿದವು. ಈಗ ಹೇಳಿ, ಪೊನ್ಮಲೈ ಇಂಜಿನ್ ಹಳೆಯದೋ, ಹೊಸದೋ?

ಸಮುದ್ರದಲ್ಲೂ ಇಂಥದ್ದೇ ಒಂದು ಜೋಡಿ ಇದೆ. ಎರಡೂ ಹಾಯಿದೋಣಿಗಳೇ. ಎರಡನ್ನೂ ಕಟ್ಟಿದ್ದು ಗೋವಾದ ಒಂದೇ ದೋಣಿ ಕಾರ್ಖಾನೆ, ಎರಡನ್ನೂ ದೂರದ ಸಾಗರಕ್ಕೆ ಒಬ್ಬಂಟಿಯಾಗಿ ಒಯ್ದದ್ದು ಒಬ್ಬರೇ ನಾವಿಕ: ಭಾರತೀಯ ನೌಕಾಪಡೆಯ ಅಭಿಲಾಷ್ ಟಾಮಿ.

ಮೊದಲನೆಯದು ‘ಮಾದೇಯಿ’. ಹೆಸರು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟಿ ಗೋವಾಕ್ಕೆ ಹರಿಯುವ ನಮ್ಮ ಮಹದಾಯಿ ನದಿಯ ಹೆಸರೇ ಅದು. 2009ರಲ್ಲಿ ನೌಕಾಪಡೆ ಸೇರಿದ ಈ ದೋಣಿಯ ಉದ್ದ 56 ಅಡಿ, ಅಂದರೆ ಸುಮಾರು 17 ಮೀಟರ್. ಮರ ಮತ್ತು ಫೈಬರ್‌ಗ್ಲಾಸ್ ಸೇರಿಸಿ ಮಾಡಿದ ಒಡಲು, ಸುಮಾರು 25 ಮೀಟರ್ ಎತ್ತರದ ಹಾಯಿಕಂಬ, ಉಪಗ್ರಹದಿಂದ ದಾರಿ ತಿಳಿಸುವ ಜಿಪಿಎಸ್. 2012ರ ನವೆಂಬರ್ 1ರಂದು ಮುಂಬೈ ಬಿಟ್ಟ ಟಾಮಿ, ಎಲ್ಲೂ ದಡ ಮುಟ್ಟದೆ ಭೂಮಿ ಸುತ್ತಿ 2013ರ ಮಾರ್ಚ್ 31ಕ್ಕೆ ಮುಂಬೈಗೇ ವಾಪಸ್ ಬಂದರು. ಹಾಗೆ ಸುತ್ತಿದ ಮೊದಲ ಭಾರತೀಯ ಅವರು.

ಎರಡನೆಯದು ‘ತುರಿಯಾ’. ನೀರಿಗಿಳಿದದ್ದು 2017ರಲ್ಲಿ, ಅಂದರೆ ಮಾದೇಯಿಗಿಂತ ಎಂಟು ವರ್ಷ ಚಿಕ್ಕದು. ಆದರೆ ಅದರ ಆಕಾರ, ಅಳತೆ ಎಲ್ಲ ‘ಸುಹೈಲಿ’ ಎಂಬ ಹಳೆಯ ದೋಣಿಯದು. ಸುಹೈಲಿಯನ್ನು ಮುಂಬೈಯಲ್ಲಿ 1960ರ ದಶಕದಲ್ಲಿ ತೇಗದ ಮರದಿಂದ ಕಟ್ಟಿದ್ದರು, ಉದ್ದ ಬರೀ 32 ಅಡಿ. ಅದರಲ್ಲಿ ಇಂಗ್ಲೆಂಡಿನ ರಾಬಿನ್ ನಾಕ್ಸ್-ಜಾನ್‌ಸ್ಟನ್ 1968–69ರಲ್ಲಿ 312 ದಿನ ಒಬ್ಬರೇ ಪ್ರಯಾಣ ಮಾಡಿ, ನಿಲ್ಲದೆ ಪ್ರಪಂಚ ಸುತ್ತಿದ ಮೊದಲಿಗರಾದರು. ಆ ಯಾತ್ರೆಗೆ 50 ವರ್ಷ ತುಂಬಿದಾಗ ‘ಗೋಲ್ಡನ್ ಗ್ಲೋಬ್’ ಓಟವನ್ನು ಮತ್ತೆ ನಡೆಸಿದರು. ನಿಯಮ ವಿಚಿತ್ರ: ದೋಣಿಯ ವಿನ್ಯಾಸ ಹಳೆಯದಿರಬೇಕು, ಜಿಪಿಎಸ್ ನೋಡುವಂತಿಲ್ಲ, ಸೂರ್ಯ ನಕ್ಷತ್ರಗಳ ಎತ್ತರ ಅಳೆದು ತಾನೆಲ್ಲಿದ್ದೇನೆ ಅಂತ ಲೆಕ್ಕ ಹಾಕಬೇಕು.

ಈಗ ವೇಗಕ್ಕೆ ಬರೋಣ. ಸುಹೈಲಿಯ ಸರಾಸರಿ ಗಂಟೆಗೆ 4 ನಾಟಿಕಲ್ ಮೈಲಿ, ಅಂದರೆ 7.4 ಕಿ.ಮೀ. ಮಾದೇಯಿ ಸುಮಾರು 23,000 ನಾಟಿಕಲ್ ಮೈಲಿಯನ್ನು 150 ದಿನದಲ್ಲಿ ಕ್ರಮಿಸಿತು. ಭಾಗಿಸಿ ನೋಡಿ, ಗಂಟೆಗೆ ಹತ್ತಿರ ಹತ್ತಿರ 12 ಕಿ.ಮೀ. ಮೇಟ್ಟುಪಾಳ್ಯದಿಂದ ಊಟಿಗೆ 46 ಕಿ.ಮೀ. ದೂರವನ್ನು ನಮ್ಮ ಬೆಟ್ಟದ ರೈಲು ಸುಮಾರು 5 ಗಂಟೆಯಲ್ಲಿ ಹತ್ತುತ್ತಲ್ಲ, ಹೆಚ್ಚುಕಮ್ಮಿ ಅದೇ ವೇಗದಲ್ಲಿ ಇವರು ಭೂಮಿ ಸುತ್ತಿದ್ದು!

ಮಾದೇಯಿ ಬೇಗ ಹೋದದ್ದು ಹೊಸದಾದ್ದರಿಂದ ಅಂತ ಹೇಳಿಬಿಡಬೇಡಿ. ಮುಖ್ಯ ಕಾರಣ ಉದ್ದ. ದೋಣಿ ಚಲಿಸುವಾಗ ತಾನೇ ಒಂದು ಅಲೆ ಎಬ್ಬಿಸುತ್ತೆ. ವೇಗ ಹೆಚ್ಚಿದಂತೆ ಆ ಅಲೆಯ ಉದ್ದವೂ ಹೆಚ್ಚುತ್ತೆ. ಅಲೆ ದೋಣಿಯಷ್ಟೇ ಉದ್ದವಾದಾಗ ಮೂತಿ ಒಂದು ಅಲೆಯ ನೆತ್ತಿಯ ಮೇಲೆ, ಹಿಂಭಾಗ ಇನ್ನೊಂದರ ಮೇಲೆ. ಇನ್ನೂ ಜೋರಾಗಿ ಹೋಗಬೇಕೆಂದರೆ ತಾನೇ ಎಬ್ಬಿಸಿದ ಗುಡ್ಡವನ್ನು ತಾನೇ ಹತ್ತಬೇಕು. ಭಾರದ ದೋಣಿಗೆ ಅದು ಆಗದ ಕೆಲಸ. ಆಳವಾದ ನೀರಿನಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 1.25 × √ಉದ್ದ ಮೀಟರ್. ನೀರು ಮುಟ್ಟುವ ಉದ್ದ 9 ಮೀಟರ್ ಇಟ್ಟುಕೊಳ್ಳಿ: 3.75 ಮೀಟರ್, ಅಂದರೆ ಗಂಟೆಗೆ 13.5 ಕಿ.ಮೀ. 16 ಮೀಟರ್ ಇಟ್ಟರೆ 5 ಮೀಟರ್, ಗಂಟೆಗೆ 18 ಕಿ.ಮೀ. ಇದು ಹೆಚ್ಚೂಕಡಿಮೆ ಆಯಾ ದೋಣಿಯ ಮಿತಿ. ಸರಾಸರಿ ಇದಕ್ಕಿಂತ ಕೆಳಗೇ ಇರುತ್ತೆ. ಜಿಪಿಎಸ್ ಎಷ್ಟೇ ಹಾಕಿ, ವರ್ಗಮೂಲ ಬದಲಾಗಲ್ಲ.

ಹಾಗಂತ ಹಳೆಯ ವಿನ್ಯಾಸ ದಡ್ಡರದ್ದಲ್ಲ. ದೋಣಿಯ ತಳದಲ್ಲಿ ಬೆನ್ನೆಲುಬಿನಂತೆ ಇಳಿದಿರುವ ಭಾಗಕ್ಕೆ ಕೀಲ್ ಅಂತಾರೆ. ಹಳೆಯ ದೋಣಿಯಲ್ಲಿ ಅದು ತಳದುದ್ದಕ್ಕೂ ಚಾಚಿಕೊಂಡಿದ್ದು, ಚುಕ್ಕಾಣಿ ಅದರ ತುದಿಗೇ ಅಂಟಿಕೊಂಡಿರುತ್ತೆ. ಬೇಗ ತಿರುಗಲ್ಲ, ನಿಜ. ಆದರೆ ಹಿಡಿದ ದಿಕ್ಕು ಬಿಡಲ್ಲ, ಒಬ್ಬರೇ ಇದ್ದಾಗ ನಿದ್ದೆ ಮಾಡೋಕೆ ಇದೇ ಬೇಕು. ಹೊಸ ದೋಣಿಗಳಲ್ಲಿ ಸಾಮಾನ್ಯವಾಗಿ ಕೀಲ್ ಮೀನಿನ ರೆಕ್ಕೆಯಂತೆ ಕಿರಿದಾಗಿರುತ್ತೆ, ಚುಕ್ಕಾಣಿ ಬೇರೆ. ನೀರಿನ ಎಳೆತ ಕಡಿಮೆ, ಚುರುಕು ಜಾಸ್ತಿ.

ತುರಿಯಾ 2018ರ ಜುಲೈ 1ರಂದು ಫ್ರಾನ್ಸಿನಿಂದ ಹೊರಟಿತು. ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಬಿರುಗಾಳಿ. ಅಲೆಗಳು 14 ಮೀಟರ್‌ವರೆಗೂ ಎದ್ದವೆಂದು ವರದಿಯಾಯಿತು. ದೋಣಿಯ ಉದ್ದವೇ 10 ಮೀಟರ್ ಇಲ್ಲ! ತುರಿಯಾ ಪೂರ್ತಿ ಉರುಳಿತು, ಹಾಯಿಕಂಬ ಮುರಿಯಿತು, ಟಾಮಿಯವರ ಬೆನ್ನುಮೂಳೆಗೆ ಭಾರಿ ಪೆಟ್ಟಾಗಿ ಏಳಲಾಗಲಿಲ್ಲ. ಆಗ ಕೆಲಸಕ್ಕೆ ಬಂದದ್ದು ತುರ್ತಿಗೆಂದು ನಿಯಮದಲ್ಲೇ ಬಿಟ್ಟಿದ್ದ ಹೊಸ ಸಾಧನಗಳು. ಉಪಗ್ರಹದ ಮೂಲಕ ಸಂದೇಶ ಹೋಯಿತು, ನೌಕಾಪಡೆಯ ವಿಮಾನ ದೋಣಿಯನ್ನು ಪತ್ತೆ ಹಚ್ಚಿತು, ಸೆಪ್ಟೆಂಬರ್ 24ರಂದು ಫ್ರಾನ್ಸಿನ ‘ಒಸಿರಿಸ್’ ಹಡಗು ಅವರನ್ನು ಎತ್ತಿಕೊಂಡಿತು. 1968ರಲ್ಲಾಗಿದ್ದರೆ? ಯೋಚಿಸಿ. ನನ್ನ ಲೆಕ್ಕದಲ್ಲಿ ದೋಣಿ ಎಷ್ಟು ಹಳೆಯದಿದ್ದರೂ ಸರಿ, ಈ ಒಂದು ಹೊಸತನವನ್ನು ಮಾತ್ರ ಯಾರೂ ಬಿಡಬಾರದು.

ಬೆನ್ನಿನ ಶಸ್ತ್ರಚಿಕಿತ್ಸೆ ಆದಮೇಲೆ ಟಾಮಿ 2022ರಲ್ಲಿ ಅದೇ ಓಟಕ್ಕೆ ಮತ್ತೆ ಹೋದರು, ಅದೂ ‘ಬಯಾನತ್’ ಎಂಬ 36 ಅಡಿಯ ಇನ್ನೊಂದು ಹಳೆ ವಿನ್ಯಾಸದ ದೋಣಿಯಲ್ಲಿ. ಇಂಥ ದೋಣಿಯಲ್ಲಿ ಚುಕ್ಕಾಣಿ ನೋಡಿಕೊಳ್ಳೋದು ಗಾಳಿಪಟ್ಟಿ. ದೋಣಿ ದಿಕ್ಕು ತಪ್ಪಿದರೆ ಗಾಳಿ ಪಟ್ಟಿಯನ್ನು ಒಂದು ಕಡೆ ಬಾಗಿಸುತ್ತೆ, ಆ ಬಾಗು ಹಲಗೆ ಹಗ್ಗಗಳ ಮೂಲಕ ದೋಣಿಯನ್ನು ಸರಿದಾರಿಗೆ ತಿರುಗಿಸುತ್ತೆ. ಕರೆಂಟೇ ಬೇಡ. ದಾರಿಯಲ್ಲಿ ಅದು ಕೆಟ್ಟಾಗ ಟಾಮಿ ದೋಣಿಯ ಶೌಚಾಲಯದ ಬಾಗಿಲನ್ನೇ ಕತ್ತರಿಸಿ ರಿಪೇರಿಗೆ ಬಳಸಿದರು. 236 ದಿನಗಳಾದ ಮೇಲೆ, 2023ರ ಏಪ್ರಿಲ್ 29ರಂದು, ಎರಡನೆಯವರಾಗಿ ಗುರಿ ಮುಟ್ಟಿದರು. ಅವರಿಗಿಂತ ಮುಂಚೆ ಬಂದು ಗೆದ್ದವರು ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್, ಈ ಓಟ ಗೆದ್ದ ಮೊದಲ ಮಹಿಳೆ. ಅವರದ್ದೂ 36 ಅಡಿಯ ದೋಣಿಯೇ.