ಹೊಗೆ ಕಾರುವ ಹಳೆ ಇಂಜಿನ್: ಕಾರ್ಬ್ಯುರೇಟರ್ ಬಿಚ್ಚುವ ಮೊದಲು ತಳದ ಪೈಪು ನೋಡಿ

ಕುಂಬಳೆ: ‘ಫುಲ್ ಸ್ಪೀಡಲ್ಲಿ ಏನೂ ತೊಂದರೆ ಇಲ್ಲ. ಸ್ಲೋ ಮಾಡಿದ್ರೆ ಮಾತ್ರ ಹೊಗೆಯೋ ಹೊಗೆ. ಮತ್ತೆ ರೇಸ್ ಮಾಡಿದ್ರೆ ಕೆಮ್ಮಿ ಆಫ್ ಆಗ್ತದೆ.’ ಹಳೆಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಇಂಜಿನ್ ಕಟ್ಟಿಕೊಂಡು ಕಡಲಿಗಿಳಿಯುವ ನಾಡದೋಣಿಯವರ ಸಾಮಾನ್ಯ ದೂರು ಇದು. ಪ್ಲಗ್ ಬದಲಾಯಿಸಿದ್ದಾಯ್ತು, ಕಾರ್ಬ್ಯುರೇಟರ್ ಬಿಚ್ಚಿ ತೊಳೆದದ್ದಾಯ್ತು, ‘ಈ ಸಲದ ಚಿಮಿಣಿ ಎಣ್ಣೆಯೇ ಸರಿ ಇಲ್ಲ’ ಎಂದು ಬೈದದ್ದೂ ಆಯ್ತು. ಆದರೂ ಇಂಜಿನ್ ಮೊದಲಿನ ಹಾಗೆಯೇ!

ಇಂತಹ ಎಷ್ಟೋ ಇಂಜಿನ್‌ಗಳಲ್ಲಿ ನಿಜವಾದ ರೋಗ ಇರುವುದು ಯಾರೂ ಕಣ್ಣು ಹಾಯಿಸದ ಜಾಗದಲ್ಲಿ. ಸಿಲಿಂಡರ್‌ಗಳ ಬುಡದಿಂದ ಹೊರಟು ಮತ್ತೆ ಇಂಜಿನ್‌ನೊಳಗೇ ಸೇರುವ, ಪೆನ್ಸಿಲ್ ಗಾತ್ರದ ಒಂದೆರಡು ರಬ್ಬರ್ ಪೈಪುಗಳು ಮತ್ತು ಅವುಗಳ ಬಾಯಲ್ಲಿ ಕುಳಿತ ಪುಟ್ಟ ಚೆಕ್ ವಾಲ್ವ್‌ಗಳು. ಮೆಕ್ಯಾನಿಕ್‌ಗಳ ಭಾಷೆಯಲ್ಲಿ ಇದು ರೀಸರ್ಕ್ಯುಲೇಶನ್, ಅಂದರೆ ಸುಡದೆ ಉಳಿದ ಇಂಧನವನ್ನು ಮರಳಿ ಇಂಜಿನ್‌ಗೇ ಉಣಿಸುವ ವ್ಯವಸ್ಥೆ.

ಅಳಿವೆಯಲ್ಲಿ ಪ್ರಾಣದ ಪ್ರಶ್ನೆ

ಇದು ಬರೀ ಹೊಗೆಯ, ಎಣ್ಣೆ ಖರ್ಚಿನ ವಿಷಯವಲ್ಲ. ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ ಹೀಗೆ ಕಾಸರಗೋಡಿನ ಹೊಳೆಗಳೆಲ್ಲ ಕಡಲು ಸೇರುವಲ್ಲಿ ಮರಳ ದಿಣ್ಣೆಗಳಿವೆ. ಅಳಿವೆ ದಾಟುವ ದೋಣಿ ಇಂಜಿನ್ ನಿಧಾನ ಮಾಡಿ ತೆರೆ ಎಣಿಸುತ್ತಾ ನಿಲ್ಲಬೇಕು. ಎರಡು ದೊಡ್ಡ ತೆರೆಗಳ ನಡುವೆ ಸಂದು ಸಿಕ್ಕಿದ ಕೂಡಲೇ ಆಕ್ಸಿಲರೇಟರ್ ತಿರುಗಿಸಿ ನುಗ್ಗಬೇಕು. ಸ್ಲೋದಲ್ಲಿ ನಿಂತು ಒಮ್ಮೆಲೇ ರೇಸ್ ಮಾಡುವ ಆ ಗಳಿಗೆಯಲ್ಲೇ ರೀಸರ್ಕ್ಯುಲೇಶನ್ ಕೆಟ್ಟ ಇಂಜಿನ್ ಕೈಕೊಡುವುದು. ಇಂಜಿನ್ ನಿಂತರೆ ದೋಣಿ ತೆರೆಗೆ ಅಡ್ಡ ಬೀಳುತ್ತದೆ. ಮುಂದಿನದ್ದನ್ನು ಕಡಲ ಮಕ್ಕಳಿಗೆ ಹೇಳಬೇಕಾಗಿಲ್ಲ.

ಅದರಲ್ಲೂ ಮಳೆಗಾಲವೇ ನಾಡದೋಣಿಗಳಿಗೆ ದುಡಿಮೆಯ ಕಾಲ. ಇತ್ತೀಚಿನ ವರ್ಷಗಳಲ್ಲಿ ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರ ತನಕ 52 ದಿನ ಟ್ರಾಲಿಂಗ್ ನಿಷೇಧವಿದ್ದರೂ ಸಾಂಪ್ರದಾಯಿಕ ದೋಣಿಗಳಿಗೆ ಕಡಲಿಗಿಳಿಯಲು ಅಡ್ಡಿಯಿಲ್ಲ. ಗಡಿಯಾಚೆ ಕರ್ನಾಟಕದಲ್ಲಿ ಜೂನ್ 1ರಿಂದ 61 ದಿನಗಳ ನಿಷೇಧ. ಅಲ್ಲಿಯೂ 10 ಅಶ್ವಶಕ್ತಿ ತನಕದ ಔಟ್‌ಬೋರ್ಡ್ ಕಟ್ಟಿದ ನಾಡದೋಣಿಗಳಿಗೆ ವಿನಾಯಿತಿ. ಅಳಿವೆ ಅತ್ಯಂತ ಕೆರಳಿರುವ ಹೊತ್ತಿನಲ್ಲೇ ಇಂಜಿನ್ ಮೇಲೆ ಹೆಚ್ಚು ಭರವಸೆ ಇಡಬೇಕಾದ ಸ್ಥಿತಿ.

ಏನಿದು ವ್ಯವಸ್ಥೆ?

ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಇಂಧನ ಮತ್ತು ಆಯಿಲ್ ಬೆರೆತ ಮಿಶ್ರಣ ಕಾರ್ಬ್ಯುರೇಟರ್‌ನಿಂದ ನೇರವಾಗಿ ಸಿಲಿಂಡರ್‌ಗೆ ಹೋಗುವುದಿಲ್ಲ. ಮೊದಲು ಕ್ರ್ಯಾಂಕ್ ಶಾಫ್ಟ್ ತಿರುಗುವ ಗೂಡಿಗೆ, ಅಂದರೆ ಕ್ರ್ಯಾಂಕ್‌ಕೇಸ್‌ಗೆ ಬರುತ್ತದೆ. ಪಿಸ್ಟನ್ ಇಳಿಯುವಾಗ ಒತ್ತಡಕ್ಕೆ ಸಿಕ್ಕಿ ಅಲ್ಲಿಂದ ಮೇಲಕ್ಕೇರಿ ಸುಡುತ್ತದೆ. ವೇಗವಾಗಿ ಓಡುವಾಗ ಗಾಳಿಯ ಸೆಳೆತ ಜೋರಾಗಿರುವುದರಿಂದ ಇಂಧನದ ಹನಿಗಳೆಲ್ಲ ಗಾಳಿಯೊಂದಿಗೇ ಹಾರಿಹೋಗುತ್ತವೆ. ಸ್ಲೋದಲ್ಲಿ ಹಾಗಲ್ಲ. ಭಾರದ ಹನಿಗಳು ಕ್ರ್ಯಾಂಕ್‌ಕೇಸ್‌ನ ಗೋಡೆಗೆ ಅಂಟಿ, ಇಳಿದು, ತಳದಲ್ಲಿ ಮಡುಗಟ್ಟುತ್ತವೆ.

ಔಟ್‌ಬೋರ್ಡ್‌ನಲ್ಲಿ ಕ್ರ್ಯಾಂಕ್ ಶಾಫ್ಟ್ ನೆಟ್ಟಗೆ ನಿಂತಿರುತ್ತದೆ. ಸಿಲಿಂಡರ್‌ಗಳು ಒಂದರ ಮೇಲೊಂದು. ಪ್ರತಿ ಸಿಲಿಂಡರ್‌ಗೂ ಬೇರೆ ಬೇರೆ ಗೂಡು. ಪ್ರತಿ ಗೂಡಿನ ತಳದಲ್ಲೂ ಹೀಗೆ ಇಂಧನ ನಿಂತು, ಗಾಳಿ ಜೋರಾದಾಗ ಒಂದೇ ಗುಟುಕಿಗೆ ಮೇಲೇರಿದರೆ ಪ್ಲಗ್ ಒದ್ದೆಯಾಗುತ್ತದೆ, ಇಂಜಿನ್ ಕೆಮ್ಮುತ್ತದೆ, ಹೊಗೆ ಏಳುತ್ತದೆ.

ಇದಕ್ಕೆ ಪರಿಹಾರವಾಗಿ ಗೂಡಿನ ತಳದಲ್ಲಿ ಸಣ್ಣ ತೂತು, ಅದಕ್ಕೊಂದು ಚೆಕ್ ವಾಲ್ವ್, ಅಲ್ಲಿಂದ ಒಂದು ಪೈಪು. ಪಿಸ್ಟನ್ ಇಳಿದಾಗ ಉಂಟಾಗುವ ಒತ್ತಡಕ್ಕೆ ತಳದ ದ್ರವ ಪೈಪಿನ ಮೂಲಕ ಹೊರಗೆ ತಳ್ಳಲ್ಪಡುತ್ತದೆ. ಪಿಸ್ಟನ್ ಏರಿ ಒಳಗೆ ಸೆಳೆತ ಉಂಟಾದಾಗ ವಾಲ್ವ್ ಮುಚ್ಚಿಕೊಳ್ಳುತ್ತದೆ. ಎರಡು ಸಿಲಿಂಡರ್‌ನ ಇಂಜಿನ್‌ನಲ್ಲಿ ಒಂದು ಪಿಸ್ಟನ್ ಇಳಿಯುವಾಗ ಇನ್ನೊಂದು ಏರುತ್ತಿರುತ್ತದೆ. ಹಾಗಾಗಿ ಒಂದರ ತಳದ ಇಂಧನವನ್ನು ಇನ್ನೊಂದರ ಬಾಯಿಗೆ ಕೊಡುವುದು ಸುಲಭ. ಕೆಲವು ಮಾದರಿಗಳಲ್ಲಿ ಈ ಆಯಿಲ್ ಬೆರೆತ ದ್ರವವನ್ನು ಕ್ರ್ಯಾಂಕ್ ಶಾಫ್ಟ್‌ನ ಮೇಲಿನ ಬೇರಿಂಗ್‌ಗೆ ಹರಿಸಿ, ಅದಕ್ಕೆ ಆಯಿಲ್ ಸಿಗುವಂತೆ ಮಾಡಿರುತ್ತಾರೆ. ಅಂತಹ ಇಂಜಿನ್‌ನಲ್ಲಿ ಪೈಪು ಕಟ್ಟಿಕೊಂಡರೆ ಹೊಗೆಯ ಜೊತೆಗೆ ಬೇರಿಂಗ್ ಕೂಡ ಒಣಗಿ ಹಾಳಾಗುವ ಅಪಾಯವಿದೆ.

ಬಹಳ ಹಿಂದಿನ ಔಟ್‌ಬೋರ್ಡ್‌ಗಳಲ್ಲಿ ಈ ತಳದ ಇಂಧನ ನೇರವಾಗಿ ನೀರಿಗೇ ಸುರಿಯುತ್ತಿತ್ತು. ನೀರಿನ ಮೇಲೆ ಎಣ್ಣೆ ಪದರ ತೇಲುವುದಕ್ಕೆ ಅಮೆರಿಕದಲ್ಲಿ ಆಕ್ಷೇಪ ಬಂದು, 1970ರ ದಶಕದಲ್ಲಿ ಕಂಪೆನಿಗಳು ಅದನ್ನು ಮರಳಿ ಇಂಜಿನ್‌ಗೇ ತಿರುಗಿಸಿದವು.

ಸೀಮೆಎಣ್ಣೆಗೆ ಹೆಚ್ಚು ಕಾಟ

ಪೆಟ್ರೋಲಿನ ಹಾಗೆ ಸೀಮೆಎಣ್ಣೆ ಬೇಗ ಆವಿಯಾಗುವುದಿಲ್ಲ. ಆದ್ದರಿಂದಲೇ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಇಂಜಿನ್ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ಬರುವ ಕ್ರಮ ಇರುವುದು. ಪೆಟ್ರೋಲ್ ಉಳಿಸುವುದಕ್ಕಾಗಿ ತಣ್ಣಗಿರುವಾಗಲೇ ಸೀಮೆಎಣ್ಣೆಗೆ ತಿರುಗಿಸುವವರಿದ್ದಾರೆ. ಬಲೆ ಎಳೆಯುವಾಗ ಗಂಟೆಗಟ್ಟಲೆ ಸ್ಲೋದಲ್ಲಿ ಬಿಡುವುದೂ ಉಂಟು. ಇವೆರಡರಿಂದಲೂ ತಳದಲ್ಲಿ ನಿಲ್ಲುವ ದ್ರವ ಹೆಚ್ಚುತ್ತದೆ, ಚೆಕ್ ವಾಲ್ವ್‌ಗೆ ಅಂಟು ಹಿಡಿಯುತ್ತದೆ.

2022ರಲ್ಲಿ ಸೀಮೆಎಣ್ಣೆ ಬೆಲೆ ಲೀಟರಿಗೆ 100 ರೂಪಾಯಿ ದಾಟಿದಾಗ ದೋಣಿಯವರು ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಸುಡದೆ ಹೊಗೆಯಾಗಿ ಹೋಗುವ ಪ್ರತಿ ಹನಿಯೂ ಕಿಸೆಯಿಂದಲೇ ಹೋಗುವುದು.

ಲಕ್ಷಣ ನೋಡಿ ರೋಗ ಹಿಡಿಯಿರಿ

ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷ ಸ್ಲೋ ಸರಿಯಾಗಿದ್ದು, ಆಮೇಲೆ ಇಂಜಿನ್ ಭಾರವಾಗುತ್ತಾ ಬರುತ್ತದೆಯೇ? ರೇಸ್ ಮಾಡಿದಾಗ ಒಂದು ದೊಡ್ಡ ಹೊಗೆಯ ಮುದ್ದೆ ಉಗುಳಿ, ನಂತರ ಏನೂ ಆಗದ ಹಾಗೆ ಓಡುತ್ತದೆಯೇ? ಹಾಗಿದ್ದರೆ ಚೆಕ್ ವಾಲ್ವ್ ಅಥವಾ ಪೈಪು ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಪ್ಲಗ್ ಬಿಚ್ಚಿದರೆ ಒದ್ದೆಯಾಗಿರುತ್ತದೆ, ಸಾಮಾನ್ಯವಾಗಿ ಕೆಳಗಿನ ಸಿಲಿಂಡರ್‌ನದ್ದು ಹೆಚ್ಚು.

ಸ್ಲೋ ಒಮ್ಮೆ ಏರುವುದು, ಒಮ್ಮೆ ಇಳಿಯುವುದು, ಕಾರ್ಬ್ಯುರೇಟರ್ ಬಾಯಿಯಿಂದ ‘ಫಟ್’ ಎಂದು ಉಗುಳುವುದು ಕಂಡರೆ ಪೈಪು ಒಡೆದು ಗಾಳಿ ಎಳೆಯುತ್ತಿರಬಹುದು. ಮುಚ್ಚಳದ ಒಳಗೆ, ಇಂಜಿನ್‌ನ ಬುಡದಲ್ಲಿ ಎಣ್ಣೆಯ ಜಿಡ್ಡು, ಪೆಟ್ರೋಲ್ ವಾಸನೆ ಇದ್ದರಂತೂ ಅನುಮಾನವೇ ಬೇಡ. ಇದನ್ನು ಹಾಗೇ ಬಿಟ್ಟರೆ ಎರಡು ಅಪಾಯ. ಗಾಳಿ ಹೆಚ್ಚಾಗಿ ಪಿಸ್ಟನ್ ಬಿಸಿಯೇರುವುದು ಒಂದು, ಮುಚ್ಚಳದೊಳಗೆ ಬೆಂಕಿ ಹಿಡಿಯುವುದು ಇನ್ನೊಂದು.

ಚೆಕ್ ವಾಲ್ವ್ ಮುಚ್ಚದೆ ತೆರೆದೇ ನಿಂತರೆ ಒಂದು ಗೂಡಿನ ಒತ್ತಡ ಇನ್ನೊಂದಕ್ಕೆ ಸೋರುತ್ತದೆ. ಆಗ ಎಷ್ಟೇ ಟ್ಯೂನ್ ಮಾಡಿದರೂ ಸ್ಲೋ ನಿಲ್ಲುವುದಿಲ್ಲ. ಇಂಜಿನ್ ಓವರ್‌ಹಾಲ್ ಆದ ನಂತರವೇ ಈ ತೊಂದರೆ ಶುರುವಾಗಿದ್ದರೆ ಪೈಪುಗಳನ್ನು ಅದಲು ಬದಲು ಮಾಡಿ ಜೋಡಿಸಿರಬಹುದು.

ಇದೇ ಲಕ್ಷಣ ತೋರಿಸುವ ಇನ್ನೆರಡು ರೋಗಗಳಿವೆ. ಒಂದು, ಫ್ಯುಯಲ್ ಪಂಪಿನ ಡಯಾಫ್ರಮ್ ಹರಿದಿರುವುದು. ಈ ಪಂಪು ಕ್ರ್ಯಾಂಕ್‌ಕೇಸ್‌ನ ಒತ್ತಡದಿಂದಲೇ ನಡೆಯುವುದರಿಂದ ಅದು ಹರಿದರೆ ಇಂಧನ ನೇರ ಕ್ರ್ಯಾಂಕ್‌ಕೇಸ್‌ಗೆ ಇಳಿಯುತ್ತದೆ. ಇನ್ನೊಂದು, ಕಾರ್ಬ್ಯುರೇಟರ್‌ನ ಫ್ಲೋಟ್ ಸೂಜಿ ಸವೆದಿರುವುದು. ಇಂಜಿನ್ ನಿಲ್ಲಿಸಿ, ಟ್ಯಾಂಕಿನ ಪೈಪಿನಲ್ಲಿರುವ ರಬ್ಬರ್ ಬಲ್ಬನ್ನು ಅಮುಕಿ ನೋಡಿ. ಗಟ್ಟಿಯಾಗಿ ನಿಂತರೆ ಸರಿ. ಅಮುಕಿದಷ್ಟೂ ಮೆತ್ತಗೇ ಇದ್ದು ಕಾರ್ಬ್ಯುರೇಟರ್ ಬಾಯಲ್ಲಿ ತೊಟ್ಟಿಕ್ಕಿದರೆ ಸೂಜಿಯದ್ದೇ ತಪ್ಪು. ಹೊರಗೆ ಎಲ್ಲೂ ತೊಟ್ಟಿಕ್ಕದೆ ಬಲ್ಬು ಮೆತ್ತಗಾಗುತ್ತಾ ಹೋದರೆ ಡಯಾಫ್ರಮ್ ನೋಡಬೇಕು.

ಪರೀಕ್ಷೆಯ ಕ್ರಮ ಹೀಗಿರಲಿ

1. ಇಂಜಿನ್ ತಣ್ಣಗಾಗಲಿ. ಇಂಧನದ ಕಾಕ್ ಮುಚ್ಚಿ, ಪ್ಲಗ್ ವಯರ್ ತೆಗೆಯಿರಿ. ಗಾಳಿಯಾಡುವ ಜಾಗ ಇರಲಿ. ಹತ್ತಿರ ಬೀಡಿ, ಸಿಗರೇಟು ಬೇಡವೇ ಬೇಡ.

2. ಮೊದಲು ಕಂಪ್ರೆಶನ್, ಸ್ಪಾರ್ಕ್ ನೋಡಿ. ಇವು ಸರಿ ಇಲ್ಲದಿದ್ದರೆ ಪೈಪು ತೊಳೆದು ಫಲವಿಲ್ಲ.

3. ಯಾವ ಪೈಪು ಎಲ್ಲಿಂದ ಎಲ್ಲಿಗೆ ಎಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಒಂದೊಂದಕ್ಕೂ ಬೇರೆ ಬಣ್ಣದ ನೂಲು ಕಟ್ಟಿ. ಒಂದು ಪೈಪಿನ ಕೆಲಸ ಮುಗಿಸಿ ಜೋಡಿಸಿದ ಮೇಲೆಯೇ ಇನ್ನೊಂದನ್ನು ಬಿಚ್ಚಿ.

4. ಪೈಪನ್ನು ಬಗ್ಗಿಸಿ ನೋಡಿ. ಗಡುಸಾಗಿದ್ದರೆ, ಬಿರುಕು ಕಂಡರೆ, ಊದಿಕೊಂಡಿದ್ದರೆ ಬದಲಾಯಿಸಿ.

5. ಮೆಡಿಕಲ್‌ನಲ್ಲಿ ಸಿಗುವ ಸೂಜಿಯಿಲ್ಲದ ಸಿರಿಂಜಿಗೆ ತುಂಡು ಪೈಪು ಸಿಕ್ಕಿಸಿ, ಸ್ವಲ್ಪ ತೆಳು ಆಯಿಲ್ ಎಳೆದು ಚೆಕ್ ವಾಲ್ವ್‌ಗೆ ಹಿಡಿಯಿರಿ. ಒಂದು ದಿಕ್ಕಿನಲ್ಲಿ ಮಾತ್ರ ಹರಿಯಬೇಕು, ಇನ್ನೊಂದು ದಿಕ್ಕಿನಲ್ಲಿ ತಡೆದು ನಿಲ್ಲಬೇಕು. ಎರಡೂ ಕಡೆ ಹರಿದರೂ ಕೆಟ್ಟದ್ದೇ, ಎರಡೂ ಕಡೆ ಹರಿಯದಿದ್ದರೂ ಕೆಟ್ಟದ್ದೇ.

6. ಕಟ್ಟಿಕೊಂಡಿದ್ದರೆ ಕಾರ್ಬ್ಯುರೇಟರ್ ಕ್ಲೀನರ್ ಹಾಕಿ ನೆನೆಸಿ, ಮತ್ತೆ ಸಿರಿಂಜಿನಿಂದ ನೋಡಿ. ಕೆಲವು ಇಂಜಿನ್‌ಗಳಲ್ಲಿ ವಾಲ್ವಿನ ಹಿಂದೆ ಸಣ್ಣ ಜಾಲರಿ ಇರುತ್ತದೆ, ಅದನ್ನೂ ತೊಳೆಯಬೇಕು. ಆಗಲೂ ಸರಿಯಾಗದಿದ್ದರೆ ಹೊಸ ವಾಲ್ವೇ ಗತಿ.

7. ಜೋಡಿಸಿದ ಮೇಲೆ ನೀರು ತುಂಬಿದ ಡ್ರಮ್ಮಿನಲ್ಲಿ ಇಂಜಿನ್ ಇಳಿಸಿ, ಗೇರ್ ಹಾಕದೆ, ಹತ್ತು ನಿಮಿಷ ಸ್ಲೋದಲ್ಲಿ ಓಡಿಸಿ. ನಂತರ ಸ್ವಲ್ಪ ರೇಸ್ ಕೊಡಿ. ಕೆಮ್ಮದೆ ಏರಿದರೆ ಕೆಲಸ ಆಯ್ತು ಎಂದೇ ಲೆಕ್ಕ. ನೀರಿಲ್ಲದೆ ಓಡಿಸಿದರೆ ವಾಟರ್ ಪಂಪಿನ ಇಂಪೆಲ್ಲರ್ ಸುಟ್ಟುಹೋದೀತು. ಡ್ರಮ್ಮಿನ ಎಣ್ಣೆ ನೀರನ್ನು ಬಾವಿ, ತೋಡಿನ ಹತ್ತಿರ ಚೆಲ್ಲಬೇಡಿ. ಕಡಲ ಕರೆಯ ಮರಳು ನೆಲದಲ್ಲಿ ಅದು ಬೇಗ ಇಂಗಿ ಕುಡಿಯುವ ನೀರಿಗೆ ಸೇರುತ್ತದೆ.

ಇವನ್ನು ಮಾಡಬೇಡಿ

ಪೈಪಿಗೆ ಬಾಯಿ ಹಾಕಿ ಊದುವುದು, ಎಳೆಯುವುದು ಈಗಲೂ ನಡೆಯುತ್ತದೆ. ಸೀಮೆಎಣ್ಣೆ ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಆಸ್ಪತ್ರೆಯೇ ಗತಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಹೊಡೆಯುವುದೂ ತಪ್ಪು, ಆ ರಭಸಕ್ಕೆ ವಾಲ್ವಿನೊಳಗಿನ ತೆಳು ತಗಡು ಬಾಗಿಹೋಗುತ್ತದೆ. ಸೈಕಲ್ ಕಡ್ಡಿ, ತಂತಿ ಹಾಕಿ ಕುತ್ತಿದರೆ ವಾಲ್ವ್ ಕೂರುವ ಜಾಗಕ್ಕೆ ಗೀರು ಬೀಳುತ್ತದೆ.

ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬು ಅಗ್ಗ ಎಂದು ಹಾಕುವವರಿದ್ದಾರೆ. ಒಳಗೆ ದ್ರವ ಓಡುತ್ತಿದೆಯೇ ಎಂದು ಹತ್ತು ನಿಮಿಷ ನೋಡಲು ಅದು ಅನುಕೂಲವೇ. ಖಾಯಂ ಆಗಿ ಬಿಟ್ಟರೆ ಇಂಧನಕ್ಕೂ ಬಿಸಿಗೂ ಗಡುಸಾಗಿ ನಡುಕಡಲಲ್ಲಿ ಬಿರಿಯುತ್ತದೆ. ಪೆಟ್ರೋಲ್ ತಾಳುವ ರಬ್ಬರ್ ಪೈಪನ್ನೇ, ಹಳೆಯದರ ಅಳತೆಯಲ್ಲೇ ತರಬೇಕು.

ಎಲ್ಲಕ್ಕಿಂತ ಕೆಟ್ಟದ್ದು ‘ಈ ಪೈಪು ಎಂತಕ್ಕೆ, ಸುಮ್ಮನೆ’ ಎಂದು ಬಾಯಿಗೆ ಬೆಣೆ ಹೊಡೆಯುವುದು. ಗಾಳಿ ಸೋರುವುದು ನಿಂತು ಎರಡು ದಿನ ಇಂಜಿನ್ ಚೆನ್ನಾಗಿ ಓಡಿದಂತೆ ಕಾಣಬಹುದು. ಆಮೇಲೆ ತಳದಲ್ಲಿ ಇಂಧನ ನಿಲ್ಲಲು ಶುರು. ಮೇಲಿನ ಬೇರಿಂಗ್‌ಗೆ ಆಯಿಲ್ ಹೋಗುವ ಮಾದರಿಯಾದರೆ ಕ್ರ್ಯಾಂಕ್ ಶಾಫ್ಟ್‌ನ ಕೆಲಸಕ್ಕೇ ಕೈಹಾಕಬೇಕಾಗುತ್ತದೆ.

ಪೈಪುಗಳ ದಾರಿ ಎಲ್ಲ ಇಂಜಿನ್‌ಗಳಲ್ಲೂ ಒಂದೇ ರೀತಿ ಇರುವುದಿಲ್ಲ. ಪಕ್ಕದ ದೋಣಿಯ ಇಂಜಿನ್ ನೋಡಿ ಜೋಡಿಸುವುದಿದ್ದರೆ ಮಾದರಿ ಒಂದೇ ಎಂದು ಖಚಿತ ಮಾಡಿಕೊಳ್ಳಿ. ಸಂಶಯವಿದ್ದರೆ ಕಂಪೆನಿಯ ಸರ್ವಿಸ್ ಪುಸ್ತಕದ ಚಿತ್ರವೇ ಆಧಾರ. ಹೊಸ ಫೋರ್ ಸ್ಟ್ರೋಕ್ ಇಂಜಿನ್‌ಗಳಲ್ಲಿ ಆಯಿಲ್ ಬೇರೆಯೇ ಇರುವುದರಿಂದ ಅವುಗಳಿಗೆ ಈ ಮಾತು ಅನ್ವಯಿಸದು.

ಮಳೆಗಾಲಕ್ಕೆ ಮುಂಚೆ ಇಂಪೆಲ್ಲರ್, ಗೇರ್ ಆಯಿಲ್ ನೋಡುವ ದಿನವೇ ಅರ್ಧ ಗಂಟೆ ಈ ಪೈಪುಗಳಿಗೂ ಕೊಟ್ಟರೆ ಸಾಕು. ದಡದಲ್ಲಿ ಸ್ಲೋದಲ್ಲಿ ನಿಲ್ಲದ ಇಂಜಿನ್ ಅಳಿವೆಯಲ್ಲಿ ನಿಂತೀತು ಎಂಬ ನಂಬಿಕೆ ಬೇಡ. ಅಂತಹ ಇಂಜಿನ್ ಕಟ್ಟಿಕೊಂಡು ತೆರೆಗೆ ಮುಖ ಮಾಡುವುದಕ್ಕಿಂತ ಒಂದು ದಿನದ ಮೀನು ಹೋದರೂ ಚಿಂತೆಯಿಲ್ಲ.