ಹೊತ್ತಿ ಆರುವ ಹಳದಿ ದೀಪದ ಲೆಕ್ಕ

ಮಳೆಗಾಲದಲ್ಲಿ ಶಿರಾಡಿ ಘಾಟಿ ಹತ್ತಿಳಿಯುವ ಕಾರಿನಲ್ಲಿ ಹಳದಿ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಊರು ತಲುಪಿ ಕೆಲವು ದಿನ ಬಿಸಿಲಲ್ಲಿ ಓಡಾಡುವಷ್ಟರಲ್ಲಿ ತಾನೇ ಆರುತ್ತದೆ. ಮಾಲೀಕರು ಗ್ಯಾರೇಜಿನ ದಾರಿ ಮರೆಯುತ್ತಾರೆ. ಮುಂದಿನ ಮಳೆಗೆ ದೀಪ ಮತ್ತೆ ಹಾಜರ್.

ದೀಪ ಆರಿತೆಂದರೆ ದೋಷ ಹೋಯಿತೆಂದಲ್ಲ. ಅದು ಉರಿಯುವುದೂ ಆರುವುದೂ ಒಂದು ಲೆಕ್ಕದ ಪ್ರಕಾರ. ಆ ಲೆಕ್ಕದ ಮೂಲ ಇರುವುದು ಕ್ಯಾಲಿಫೋರ್ನಿಯಾದ ಹೊಗೆಯಲ್ಲಿ. ವಾಯುಮಾಲಿನ್ಯಕ್ಕೆ ಬೇಸತ್ತ ಆ ರಾಜ್ಯ, ಕಾರು ತನ್ನ ತಪ್ಪನ್ನು ತಾನೇ ಹೇಳಬೇಕೆಂದು ನಿಯಮ ಮಾಡಿತು. ಅದರ ಸುಧಾರಿತ ರೂಪವಾದ ಒಬಿಡಿ-2 ವ್ಯವಸ್ಥೆ 1996ರ ಮಾದರಿಗಳಿಂದ ಇಡೀ ಅಮೆರಿಕದಲ್ಲಿ ಕಡ್ಡಾಯವಾಯಿತು. ಭಾರತಕ್ಕೆ ಅದು ಬಿಎಸ್-4 ಮಾಲಿನ್ಯ ನಿಯಮಗಳ ಕಾಲದಲ್ಲಿ ಬಂತು. ಹಾಗಾಗಿ ಈ ದೀಪ ಮೊದಲು ಕಾಯುವುದು ಸೈಲೆನ್ಸರಿನಿಂದ ಹೊರಬರುವ ಗಾಳಿಯನ್ನು. ಬ್ರೇಕ್ ಪ್ಯಾಡ್ ಸವೆದರೆ ಅದಕ್ಕೇನೂ ಗೊತ್ತಾಗುವುದಿಲ್ಲ.

ಬಹುತೇಕ ದೋಷಗಳು ಒಮ್ಮೆ ಕಂಡರೆ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಸುಮ್ಮನೆ ಗುರುತು ಹಾಕಿಕೊಳ್ಳುತ್ತದೆ. ಮುಂದಿನ ಓಟದಲ್ಲೂ ಅದೇ ಕಂಡರೆ ಮಾತ್ರ ದೀಪ ಹಚ್ಚುತ್ತದೆ. ನಂತರ ಸತತ ಮೂರು ಓಟಗಳಲ್ಲಿ ದೋಷ ಕಾಣದಿದ್ದರೆ ದೀಪ ಆರುತ್ತದೆ. ಆದರೆ ಇಸಿಯು ನೆನಪಿನಲ್ಲಿಟ್ಟ ದೋಷದ ಕೋಡ್ ಅಳಿಯುವುದಿಲ್ಲ. ಎಂಜಿನ್ ಸುಮಾರು 40 ಸಲ ತಣ್ಣಗಾಗಿ ಮತ್ತೆ ಕಾದ ಮೇಲಷ್ಟೇ ಅದಕ್ಕೆ ಮುಕ್ತಿ.

ಮಿಸ್‌ಫೈರ್, ಅಂದರೆ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಹೊತ್ತಿಕೊಳ್ಳದಿರುವುದನ್ನು ಪತ್ತೆಮಾಡುವ ಬಗೆಯಂತೂ ಬಲು ಜಾಣತನದ್ದು. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಸಲ ಇಂಧನ ಹೊತ್ತಿಕೊಳ್ಳುತ್ತದೆ. ಪ್ರತಿ ಸಲವೂ ಕ್ರ್ಯಾಂಕ್‌ಶಾಫ್ಟಿಗೆ ಒಂದು ತಳ್ಳು. ಒಂದು ತಳ್ಳು ತಪ್ಪಿದರೆ ಶಾಫ್ಟ್ ಕ್ಷಣಾರ್ಧ ಹಿಂದೆ ಬೀಳುತ್ತದೆ. ಹಲ್ಲುಗಳ ಚಕ್ರವನ್ನು ಗಮನಿಸುವ ಸೆನ್ಸರ್ ಆ ಸೂಕ್ಷ್ಮ ತಡವರಿಕೆಯನ್ನು ಹಿಡಿದು, ಯಾವ ಸಿಲಿಂಡರಿನದೆಂದೂ ಹೇಳುತ್ತದೆ. ಗುಂಡಿ ಬಿದ್ದ ರಸ್ತೆಯಲ್ಲಿ ಚಕ್ರಗಳ ಕುಲುಕಾಟವೇ ಶಾಫ್ಟನ್ನು ತಡವರಿಸುವಂತೆ ಮಾಡಬಹುದು. ಅದಕ್ಕೇ ಕೆಲವು ಕಾರುಗಳು ಎಬಿಎಸ್ ಸೆನ್ಸರ್‌ಗಳನ್ನು ಕೇಳಿ, ರಸ್ತೆ ಕೆಟ್ಟಿದ್ದರೆ ಈ ಎಣಿಕೆಯನ್ನೇ ನಿಲ್ಲಿಸುತ್ತವೆ. ನಮ್ಮ ರಸ್ತೆಗಳಲ್ಲಿ ಅವುಗಳಿಗೆ ಬಿಡುವೇ ಜಾಸ್ತಿ!

ಮಿಸ್‌ಫೈರ್ ತೀವ್ರವಾದಾಗ ಎರಡನೇ ಓಟದವರೆಗೆ ಕಾಯುವ ಮಾತಿಲ್ಲ, ದೀಪ ಮಿನುಗುತ್ತದೆ. ಉರಿಯದ ಪೆಟ್ರೋಲ್ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದರೆ ಒಳಗಿನ ಜೇನುಗೂಡು ಕರಗಿಹೋಗಬಹುದು. ಆಗ ಆಕ್ಸಿಲರೇಟರ್ ಸಡಿಲಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸುವುದೇ ಸರಿ.

ಬಂದು ಹೋಗುವ ದೋಷಕ್ಕೆ ನಮ್ಮಲ್ಲಿ ಜನಪ್ರಿಯ ಮದ್ದು ಬ್ಯಾಟರಿ ಟರ್ಮಿನಲ್ ಕಳಚಿ ಹಾಕುವುದು. ಇದಕ್ಕಿಂತ ಕೆಟ್ಟ ಉಪಾಯವಿಲ್ಲ. ದೋಷ ಕಂಡ ಗಳಿಗೆಯಲ್ಲಿ ವೇಗ, ಎಂಜಿನ್ ಬಿಸಿ, ಹೊರೆ ಎಷ್ಟಿತ್ತೆಂದು ಇಸಿಯು ಬರೆದಿಟ್ಟಿರುತ್ತದೆ. ಟರ್ಮಿನಲ್ ಕಳಚಿದರೆ ಎಷ್ಟೋ ಕಾರುಗಳಲ್ಲಿ ಆ ಸಾಕ್ಷಿ ನಾಶ. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿ ಅದನ್ನು ಮೊದಲು ಓದಿಸಬೇಕು. ಎಂಜಿನ್ ಕಾದಾಗಲೇ ದೋಷ ಬಂದಿದ್ದರೆ ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ. ಮಳೆಯಲ್ಲಷ್ಟೇ ಬರುವುದಾದರೆ ನೀರು ಕುಡಿದ ಕನೆಕ್ಟರ್, ಇಲಿ ಕಡಿದ ವೈರು ನೋಡಬೇಕು.

ಪಿ0301 ಎಂಬ ಕೋಡ್ ಬಂದರೆ ಮೊದಲ ಸಿಲಿಂಡರಿನಲ್ಲಿ ಮಿಸ್‌ಫೈರ್ ಎಂದರ್ಥ. ಸಿಲಿಂಡರಿಗೊಂದು ಕಾಯಿಲ್ ಇರುವ ಕಾರಾದರೆ ಅನುಭವಿ ಮೆಕ್ಯಾನಿಕ್ ತಕ್ಷಣ ಹೊಸದು ತರಿಸುವುದಿಲ್ಲ. ಒಂದನೆಯ ಕಾಯಿಲನ್ನು ಮೂರನೆಯದರ ಜೊತೆ ಅದಲುಬದಲು ಮಾಡಿ ಕಾರನ್ನು ಓಡಿಸಿ ನೋಡುತ್ತಾನೆ. ಕೋಡ್ ಪಿ0303 ಆಗಿ ಬದಲಾದರೆ ಕಾಯಿಲೇ ಕಳ್ಳ. ಪಿ0301 ಜಾಗ ಬಿಡದಿದ್ದರೆ ಸ್ಪಾರ್ಕ್ ಪ್ಲಗ್, ಇಂಜೆಕ್ಟರ್, ವೈರಿಂಗ್ ಕಡೆ ಕೈ ಹಾಕುತ್ತಾನೆ.